ವಿಎಂ ಡಿಸ್ಕ್ ಹಿಗ್ಗಿಸುವುದೋ, ಕುಗ್ಗಿಸುವುದೋ, ಇನ್ನೊಂದು ಸೇರಿಸುವುದೋ: ಯಾವ ಸಂದರ್ಭಕ್ಕೆ ಯಾವ ದಾರಿ

ದಾವಣಗೆರೆ ಎಪಿಎಂಸಿಯ ಒಂದು ಮಂಡಿಯ ಲೆಕ್ಕದ ಕೋಣೆಯನ್ನು ತೆಗೆದುಕೊಳ್ಳಿ. ಮೂಲೆಯಲ್ಲಿ ಒಂದು ಸರ್ವರ್, ಒಳಗೆ 1 ಟಿಬಿ ಎಸ್‌ಎಸ್‌ಡಿ, ಅದರ ಮೇಲೆ ಲಿನಕ್ಸ್ ಕೆವಿಎಂ, ಅಂದರೆ ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ (ವಿಎಂ) ನಡೆಸುವ ವ್ಯವಸ್ಥೆ. ವಿಎಂ ಎರಡು: ಟ್ಯಾಲಿ ನಡೆಯುವ ವಿಂಡೋಸ್‌ಗೆ 80 ಜಿಬಿ, ಬಿಲ್ಲುಗಳ ಸ್ಕ್ಯಾನ್ ಪ್ರತಿ ಇಡುವ ಉಬುಂಟುಗೆ 60 ಜಿಬಿ. ಮೆಕ್ಕೆಜೋಳದ ಆವಕ ಜೋರಾದ ತಿಂಗಳಲ್ಲಿ ಉಬುಂಟು ಡಿಸ್ಕ್ ತುಂಬಿ ನಿಲ್ಲುತ್ತದೆ. ಆಗ ಮುಂದಿರುವ ದಾರಿ ಐದು: ವಿಎಂ ನಿಲ್ಲಿಸಿ ಇಮೇಜ್ (ವಿಎಂನ ಡಿಸ್ಕ್ ಆಗಿ ಕೆಲಸ ಮಾಡುವ ಫೈಲ್) ಹಿಗ್ಗಿಸುವುದು, ನಡೆಯುತ್ತಿರುವಾಗಲೇ ಹಿಗ್ಗಿಸುವುದು, ಎರಡನೇ ಡಿಸ್ಕ್ ಸೇರಿಸುವುದು, ಅಳಿಸಿದ ಫೈಲುಗಳ ಜಾಗವನ್ನು ಹೋಸ್ಟ್‌ಗೆ (ವಿಎಂಗಳನ್ನು ಹೊತ್ತ ನಿಜವಾದ ಸರ್ವರ್‌ಗೆ) ವಾಪಸ್ ಕೊಡಿಸುವುದು, ಡಿಸ್ಕನ್ನು ನಿಜವಾಗಿ ಕುಗ್ಗಿಸುವುದು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹಿಗ್ಗಿಸುವುದು ಸುಲಭ, ಅಪಾಯ ಕಡಿಮೆ, ಯಾವಾಗ ಬೇಕಾದರೂ ಮಾಡಬಹುದು. ಕುಗ್ಗಿಸುವುದು ಕಷ್ಟ, ತಪ್ಪಿದರೆ ಡೇಟಾ ಹೋಗುತ್ತದೆ, ಮೇಲಾಗಿ ಬಹುತೇಕ ಸಲ ಅದು ಬೇಕಾಗಿಯೇ ಇರುವುದಿಲ್ಲ. ಆದ್ದರಿಂದ ವಿಎಂ ಮಾಡುವಾಗಲೇ ಡಿಸ್ಕನ್ನು ಚಿಕ್ಕದಾಗಿಟ್ಟು ಬೇಕಾದಂತೆ ಬೆಳೆಸಿಕೊಂಡು ಹೋಗುವುದು ಸರಿಯಾದ ಕ್ರಮ. “ಇರಲಿ ಬಿಡಿ” ಅಂತ 500 ಜಿಬಿ ಕೊಟ್ಟು ಆಮೇಲೆ ಕುಗ್ಗಿಸಲು ಹೊರಟವರಿಗೇ ತೊಂದರೆ ಜಾಸ್ತಿ.

ಮುಟ್ಟುವ ಮುಂಚೆ

ಡಿಸ್ಕ್ ತುಂಬಿದೆ ಅಂದಾಕ್ಷಣ ಹಿಗ್ಗಿಸಲು ಓಡಬೇಡಿ. ತುಂಬಿದ್ದು ಏನು ಅಂತ ನೋಡಿ. “ಡಿಎಫ್ -ಎಚ್” ಜೊತೆಗೆ “ಡಿಎಫ್ -ಐ” ಕೂಡ ಓಡಿಸಿ; ಲಕ್ಷಗಟ್ಟಲೆ ಸಣ್ಣ ಫೈಲುಗಳಿದ್ದರೆ ಜಾಗ ಉಳಿದಿದ್ದರೂ ಐನೋಡ್ (ಪ್ರತಿ ಫೈಲಿಗೂ ಬೇಕಾಗುವ ದಾಖಲೆ) ಮುಗಿದಿರಬಹುದು. ಉಬುಂಟುವಿನಲ್ಲಿ ಜರ್ನಲ್ ಲಾಗ್ ಹಲವು ಜಿಬಿ ತಿಂದಿದ್ದರೆ “ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=500ಎಂ” ಒಂದೇ ಸಾಕು. ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಇಎಕ್ಸ್‌ಟಿ4 ತನ್ನ ಗಾತ್ರದ ಶೇ. 5ನ್ನು ರೂಟ್ ಬಳಕೆದಾರನಿಗೆ ಕಾದಿಡುತ್ತದೆ. 200 ಜಿಬಿಯ ಡೇಟಾ ಡಿಸ್ಕ್‌ನಲ್ಲಿ ಅದು 10 ಜಿಬಿ. ಸಿಸ್ಟಮ್ ಇಲ್ಲದ, ಬರೀ ಡೇಟಾ ಇರುವ ಫೈಲ್‌ಸಿಸ್ಟಮ್‌ಗೆ “ಟ್ಯೂನ್2ಎಫ್‌ಎಸ್ -ಎಂ 1” ಹಾಕಿದರೆ 8 ಜಿಬಿ ಕೂಡಲೇ ಕೈಗೆ ಬರುತ್ತದೆ, ಡಿಸ್ಕ್ ಮುಟ್ಟುವುದೇ ಬೇಡ.

ಇನ್ನು ಹೋಸ್ಟ್ ಕಡೆ. ಕ್ಯೂಕೌ2 (ಕೆವಿಎಂನಲ್ಲಿ ಸಾಮಾನ್ಯವಾದ ಇಮೇಜ್ ಫೈಲ್ ರೂಪ) ಇಮೇಜ್‌ಗೆ ಎರಡು ಅಳತೆ ಇರುತ್ತವೆ: ಗೆಸ್ಟ್ (ವಿಎಂ ಒಳಗಿನ ಸಿಸ್ಟಮ್) ಕಣ್ಣಿಗೆ ಕಾಣುವ ವರ್ಚುವಲ್ ಗಾತ್ರ, ಮತ್ತು ಹೋಸ್ಟ್ ಡಿಸ್ಕ್‌ನಲ್ಲಿ ಅದು ನಿಜಕ್ಕೂ ಹಿಡಿದಿರುವ ಜಾಗ. “ಕ್ಯೂಎಮು-ಇಮ್ಗ್ ಇನ್ಫೋ” ಎರಡನ್ನೂ ತೋರಿಸುತ್ತದೆ. ವರ್ಚುವಲ್ ಗಾತ್ರ ಹೆಚ್ಚಿಸುವಾಗ ಹೋಸ್ಟ್‌ನಲ್ಲಿ ಜಾಗ ಇದೆಯೋ ಇಲ್ಲವೋ ಅಂತ ಯಾರೂ ತಡೆದು ಕೇಳುವುದಿಲ್ಲ. ಎರಡು ವಾರದ ಮೇಲೆ ಹೋಸ್ಟ್ ತುಂಬಿದಾಗ ವಿಎಂ ತಾನಾಗಿಯೇ “ಪಾಸ್ಡ್” (ತಾತ್ಕಾಲಿಕವಾಗಿ ತಡೆದು ನಿಲ್ಲಿಸಿದ) ಸ್ಥಿತಿಗೆ ಹೋಗಿ ನಿಲ್ಲುತ್ತದೆ. ಗೆಸ್ಟ್ ಹಾಳಾಗದಿರಲಿ ಅಂತಲೇ ಕ್ಯೂಎಮು (ಕೆವಿಎಂ ಜೊತೆ ವಿಎಂ ನಡೆಸುವ ಪ್ರೋಗ್ರಾಂ) ಹೀಗೆ ಮಾಡುತ್ತದೆ. ಹೋಸ್ಟ್‌ನಲ್ಲಿ ಜಾಗ ಮಾಡಿಕೊಟ್ಟು “ವಿರ್ಶ್ ರೆಸ್ಯೂಮ್” ಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆ ಹೊತ್ತಿಗೆ ಗಾಬರಿಯಿಂದ ಪವರ್ ಆಫ್ ಮಾಡಬೇಡಿ.

ಬ್ಯಾಕಪ್ ಅಂದರೆ ಬೇರೆ ಡಿಸ್ಕ್‌ನಲ್ಲಿರುವ ಪ್ರತಿ. ಅದೇ ಇಮೇಜ್ ಒಳಗಿನ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಸ್ಥಿತಿಯ ದಾಖಲೆ) ಇಲ್ಲಿ ಬ್ಯಾಕಪ್ ಅಲ್ಲ, ಅಡ್ಡಿ. ಸ್ನ್ಯಾಪ್‌ಶಾಟ್ ಇರುವ ಕ್ಯೂಕೌ2 ಇಮೇಜನ್ನು ಹಳೆಯ ಕ್ಯೂಎಮು ಹಿಗ್ಗಿಸುವುದಕ್ಕೂ ಒಪ್ಪುವುದಿಲ್ಲ. ವಿಂಡೋಸ್‌ನ ವಿಎಂ ವ್ಯವಸ್ಥೆಯಾದ ಹೈಪರ್-ವಿಯಲ್ಲಿ ಚೆಕ್‌ಪಾಯಿಂಟ್ (ಅಲ್ಲಿನ ಸ್ನ್ಯಾಪ್‌ಶಾಟ್) ಇದ್ದರೂ ಅದೇ ಕತೆ. ಮೊದಲು ಅವನ್ನು ತೆಗೆದುಹಾಕಿ. ವಿಎಂ ನಿಲ್ಲಿಸಿ ಪ್ರತಿ ಮಾಡುವಾಗ ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ ಅಂತ ತಿಳಿದಿರಲಿ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವ ಊರಲ್ಲಿ ಇದು ಸಣ್ಣ ವಿಷಯವಲ್ಲ: ಹಿಗ್ಗಿಸುವ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ, ಆದರೆ ಇಎಕ್ಸ್‌ಟಿ4 ಕುಗ್ಗುವಾಗ ಬ್ಲಾಕುಗಳು ಜಾಗ ಬದಲಿಸುತ್ತಿರುತ್ತವೆ. ಆ ನಡುವೆ ಕರೆಂಟ್ ಹೋದರೆ ಪ್ರತಿಯೊಂದೇ ಗತಿ.

ಪದರಗಳ ಸರತಿ

ಹೋಸ್ಟ್ ಸ್ಟೋರೇಜ್, ಅದರ ಮೇಲೆ ಇಮೇಜ್, ಇಮೇಜ್ ಒಳಗೆ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ), ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಲಿನಕ್ಸ್ ವ್ಯವಸ್ಥೆ) ಇದ್ದರೆ ಅದರ ಎರಡು ಪದರ, ಕೊನೆಗೆ ಫೈಲ್‌ಸಿಸ್ಟಮ್. ಹಿಗ್ಗಿಸುವಾಗ ಕೆಳಗಿನಿಂದ ಮೇಲಕ್ಕೆ, ಕುಗ್ಗಿಸುವಾಗ ಮೇಲಿನಿಂದ ಕೆಳಕ್ಕೆ. ಪಕ್ಕದ ಎರಡು ಎಕರೆ ಕೊಂಡ ಮಾತ್ರಕ್ಕೆ ಹೊಲ ದೊಡ್ಡದಾಗುವುದಿಲ್ಲ, ಬದು ಸರಿಸಬೇಕು, ಆಮೇಲೆ ಉಳಬೇಕು. ಇಮೇಜ್ ಹಿಗ್ಗಿಸಿದ ಮೇಲೂ “ಡಿಎಫ್” ಹಳೆಯ ಅಂಕಿಯನ್ನೇ ತೋರಿಸುವುದು ಇದಕ್ಕೇ. “ಎಲ್‌ಎಸ್‌ಬಿಎಲ್‌ಕೆ” ಕೊಟ್ಟರೆ ಯಾವ ಪದರದಲ್ಲಿ ಅಂಕಿ ನಿಂತಿದೆ ಅಂತ ಕಾಣುತ್ತದೆ. ಡಿಸ್ಕ್ 100 ಜಿಬಿ, ಪಾರ್ಟಿಷನ್ 60 ಅಂತಿದ್ದರೆ ಪಾರ್ಟಿಷನ್ ಬಾಕಿ. ಪಾರ್ಟಿಷನ್ 100 ಆಗಿದ್ದೂ “ಡಿಎಫ್” 60ರ ಆಸುಪಾಸು ತೋರಿಸುತ್ತಿದ್ದರೆ ಫೈಲ್‌ಸಿಸ್ಟಮ್ ಬಾಕಿ.

ನಿಲ್ಲಿಸಿ ಹಿಗ್ಗಿಸುವುದು

ರಾತ್ರಿ ಹೊತ್ತು ಅರ್ಧ ಗಂಟೆ ವಿಎಂ ನಿಲ್ಲಿಸಬಹುದಾದ ಕಡೆ ಇದೇ ಒಳ್ಳೆಯದು. ಬರೀ ರೀಬೂಟ್ ಸಾಲದು, ಪೂರ್ತಿ ಶಟ್‌ಡೌನ್ ಆಗಬೇಕು. ನಂತರ “ಕ್ಯೂಎಮು-ಇಮ್ಗ್ ರಿಸೈಜ್ ಬಿಲ್ಲು.ಕ್ಯೂಕೌ2 +40ಜಿ”. ಕೂಡಿಸುವ ಚಿಹ್ನೆ ಮುಖ್ಯ: ಅದನ್ನು ಬಿಟ್ಟು ಬರೀ 40ಜಿ ಎಂದರೆ “ಒಟ್ಟು 40 ಮಾಡು” ಅಂತ ಅರ್ಥ, ಅಂದರೆ ಕುಗ್ಗಿಸು ಅಂತ. ಈಗಿನ ಕ್ಯೂಎಮು “--ಶ್ರಿಂಕ್” ಹಾಕದೆ ಅದಕ್ಕೆ ಒಪ್ಪುವುದಿಲ್ಲ. ಆ ತಡೆ ಬಂದಾಗ ಯೋಚಿಸದೆ “--ಶ್ರಿಂಕ್” ಸೇರಿಸಿ ಮತ್ತೆ ಓಡಿಸಿದರೆ 20 ಜಿಬಿ ಬಾಲ ಕತ್ತರಿಸಿ ಹೋಗುತ್ತದೆ.

“ರೈಟ್ ಲಾಕ್ ಸಿಗಲಿಲ್ಲ” ಎಂಬ ಅರ್ಥದ ಸಂದೇಶ ಬಂದರೆ ವಿಎಂ ಇನ್ನೂ ನಡೆಯುತ್ತಿದೆ. ನಡೆಯುತ್ತಿರುವ ವಿಎಂನ ಇಮೇಜನ್ನು ಹೊರಗಿನಿಂದ ತಿದ್ದಿದರೆ ಅದರ ಮೆಟಾಡೇಟಾ ಕೆಡುತ್ತದೆ, ಕ್ಯೂಎಮು 2.10ರಿಂದ ಲಾಕ್ ತಂದದ್ದೇ ಅದಕ್ಕೆ. ಲಾಕನ್ನು ಬಲವಂತವಾಗಿ ದಾಟಬೇಡಿ.

ಆಮೇಲೆ ವಿಎಂ ಎಬ್ಬಿಸಿ ಒಳಗೆ “ಗ್ರೋಪಾರ್ಟ್ /ಡೆವ್/ವಿಡಿಎ 1”. ವಿಡಿಎ ಮತ್ತು 1ರ ನಡುವೆ ಖಾಲಿ ಬಿಡಬೇಕು. ಉಬುಂಟು, ಡೆಬಿಯನ್‌ನಲ್ಲಿ ಇದು ಕ್ಲೌಡ್-ಗೆಸ್ಟ್-ಯುಟಿಲ್ಸ್ ಪ್ಯಾಕೇಜಿನಲ್ಲಿ ಸಿಗುತ್ತದೆ. ರೂಟ್ (ಸಿಸ್ಟಮ್ ಇರುವ ಮುಖ್ಯ ಫೈಲ್‌ಸಿಸ್ಟಮ್) ಪೂರ್ತಿ ತುಂಬಿದ್ದರೆ ಗ್ರೋಪಾರ್ಟ್ ತನ್ನ ತಾತ್ಕಾಲಿಕ ಫೋಲ್ಡರ್ ಮಾಡಲು ಜಾಗವಿಲ್ಲದೆ ಅಲ್ಲೇ ಸೋಲುತ್ತದೆ. ಆಗ /ಟಿಎಂಪಿ ಮೇಲೆ 10 ಎಂಬಿಯ ಟಿಎಂಪಿಎಫ್‌ಎಸ್ ಮೌಂಟ್ ಮಾಡಿ ಮತ್ತೆ ಓಡಿಸಿ, ಕೆಲಸ ಆದ ಮೇಲೆ ಅನ್‌ಮೌಂಟ್ ಮಾಡಿ. “ನೋಚೇಂಜ್” ಅಂದರೆ ಹಿಗ್ಗಲು ಮುಂದೆ ಜಾಗವಿಲ್ಲ: ಒಂದೋ ಡಿಸ್ಕ್ ಹಿಗ್ಗಿಯೇ ಇಲ್ಲ, ಇಲ್ಲವೇ ಮುಂದೆ ಇನ್ನೊಂದು ಪಾರ್ಟಿಷನ್ ಕೂತಿದೆ. ಹಳೆಯ ಡೆಬಿಯನ್ ಜೋಡಣೆಯಲ್ಲಿ ರೂಟ್ ಮೊದಲು, ಕೊನೆಯಲ್ಲಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇರುತ್ತದೆ. “ಸ್ವಾಪ್‌ಆಫ್” ಮಾಡಿ, ಆ ಪಾರ್ಟಿಷನ್ ತೆಗೆದು, ರೂಟ್ ಹಿಗ್ಗಿಸಿ, ಸ್ವಾಪನ್ನು ಫೈಲ್ ರೂಪದಲ್ಲಿ ಮಾಡಿಕೊಂಡು, ಎಫ್‌ಎಸ್‌ಟ್ಯಾಬ್‌ನ (ಬೂಟ್ ಆಗುವಾಗ ಮೌಂಟ್ ಮಾಡಬೇಕಾದವುಗಳ ಪಟ್ಟಿಯ) ಹಳೆಯ ಸ್ವಾಪ್ ಸಾಲು ಅಳಿಸಿ. ಆ ಸಾಲು ಉಳಿದರೆ ಮುಂದಿನ ಬೂಟ್‌ನಲ್ಲಿ ಇಲ್ಲದ ಡಿಸ್ಕ್‌ಗಾಗಿ ಒಂದೂವರೆ ನಿಮಿಷ ಕಾಯುತ್ತಾ ನಿಲ್ಲುತ್ತದೆ.

ಜಿಪಿಟಿ (ಈಗಿನ ಪಾರ್ಟಿಷನ್ ಪಟ್ಟಿಯ ವಿಧಾನ) ಡಿಸ್ಕ್ ತನ್ನ ಪಾರ್ಟಿಷನ್ ಪಟ್ಟಿಯ ಎರಡನೇ ಪ್ರತಿಯನ್ನು ಡಿಸ್ಕಿನ ಕಟ್ಟಕಡೆಯಲ್ಲಿ ಇಡುತ್ತದೆ. ಹಿಗ್ಗಿದ ಮೇಲೆ ಆ ಪ್ರತಿ ನಡುವೆ ಉಳಿದುಬಿಡುತ್ತದೆ. ಪಾರ್ಟೆಡ್ “ಫಿಕ್ಸ್” ಮಾಡಲೇ ಅಂತ ಕೇಳಿದರೆ ಹೂಂ ಅನ್ನಿ, ಅಥವಾ “ಎಸ್‌ಜಿಡಿಸ್ಕ್ -ಇ” ಓಡಿಸಿ. ಹಳೆಯ ಎಂಬಿಆರ್ ವಿಧಾನದ ಡಿಸ್ಕ್ ಆಗಿದ್ದರೆ 2 ಟಿಬಿ ದಾಟಿ ಉಪಯೋಗವಿಲ್ಲ.

ಕೊನೆಯ ಹೆಜ್ಜೆ: ಇಎಕ್ಸ್‌ಟಿ4 ಆದರೆ “ರಿಸೈಜ್2ಎಫ್‌ಎಸ್ /ಡೆವ್/ವಿಡಿಎ1”, ಎಕ್ಸ್‌ಎಫ್‌ಎಸ್ ಆದರೆ “ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್ /”. ಮೊದಲನೆಯದಕ್ಕೆ ಡಿವೈಸ್ ಹೆಸರು, ಎರಡನೆಯದಕ್ಕೆ ಮೌಂಟ್ ಆದ ಜಾಗ. ಎರಡೂ ಮೌಂಟ್ ಆಗಿರುವಾಗಲೇ ನಡೆಯುತ್ತವೆ. ಗೆಸ್ಟ್ ಒಳಗೆ ಎಲ್‌ವಿಎಂ ಇದ್ದರೆ ಗ್ರೋಪಾರ್ಟ್ ಆದ ಮೇಲೆ “ಪಿವಿರಿಸೈಜ್”, ನಂತರ “ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +100%ಫ್ರೀ”. ಇಲ್ಲಿ ಎಲ್ ಸಣ್ಣಕ್ಷರ. “-ಆರ್” ಇದ್ದರೆ ಫೈಲ್‌ಸಿಸ್ಟಮನ್ನೂ ಅದೇ ಹಿಗ್ಗಿಸುತ್ತದೆ.

ವಿಂಡೋಸ್ ಗೆಸ್ಟ್‌ನಲ್ಲಿ ಎಲ್ಲರೂ ಸಿಕ್ಕಿಬೀಳುವುದು ಒಂದೇ ಕಡೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ “ಎಕ್ಸ್‌ಟೆಂಡ್ ವಾಲ್ಯೂಮ್” ಮಸುಕಾಗಿರುತ್ತದೆ, ಯಾಕೆಂದರೆ ಸಿ ಡ್ರೈವ್ ಮತ್ತು ಹೊಸ ಜಾಗದ ನಡುವೆ ರಿಕವರಿ ಪಾರ್ಟಿಷನ್ ಇದೆ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ “ರಿಏಜೆಂಟ್‌ಸಿ /ಡಿಸೇಬಲ್” ಕೊಟ್ಟರೆ ರಿಕವರಿ ಇಮೇಜ್ ಸಿ ಡ್ರೈವ್‌ಗೆ ವಾಪಸ್ ಬರುತ್ತದೆ. ಬಂದಿದೆ ಅಂತ ಖಾತ್ರಿಯಾದ ಮೇಲೆ ಡಿಸ್ಕ್‌ಪಾರ್ಟ್‌ನಲ್ಲಿ ಆ ಪಾರ್ಟಿಷನ್ ಆರಿಸಿ “ಡಿಲೀಟ್ ಪಾರ್ಟಿಷನ್ ಓವರ್‌ರೈಡ್”. ಸಿ ಡ್ರೈವ್ ಹಿಗ್ಗಿಸುವಾಗ ಕೊನೆಯಲ್ಲಿ 1 ಜಿಬಿ ಬಿಟ್ಟು, ಅಲ್ಲಿ ಹೊಸ ರಿಕವರಿ ಪಾರ್ಟಿಷನ್ ಮಾಡಿ “ರಿಏಜೆಂಟ್‌ಸಿ /ಎನೇಬಲ್”. 1 ಜಿಬಿ ಜಾಸ್ತಿ ಅನ್ನಿಸಬಾರದು: 2024ರ ಜನವರಿಯ ಒಂದು ವಿಂಡೋಸ್ 10 ಅಪ್‌ಡೇಟ್ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಇಲ್ಲದ ಯಂತ್ರಗಳಲ್ಲಿ ಕೂರದೆ ಹೋಗಿತ್ತು.

ನಡೆಯುತ್ತಿರುವಾಗಲೇ ಹಿಗ್ಗಿಸುವುದು

ವ್ಯಾಪಾರದ ಹೊತ್ತಲ್ಲಿ ನಿಲ್ಲಿಸಲಾಗದ ವಿಎಂಗೆ ಇದು. ಕೆವಿಎಂ ವಿಎಂಗಳನ್ನು ನಿರ್ವಹಿಸುವ ಲಿಬ್‌ವಿರ್ಟ್‌ನಲ್ಲಿ “ವಿರ್ಶ್ ಬ್ಲಾಕ್‌ರಿಸೈಜ್ ಮಂಡಿ ವಿಡಿಎ 100ಜಿ”. ಇಲ್ಲಿ ಕೊಡುವುದು ಕೂಡಿಸುವ ಅಂಕಿಯಲ್ಲ, ಒಟ್ಟು ಗಾತ್ರ. ಅಕ್ಷರ ಬಿಟ್ಟು ಬರೀ ಅಂಕಿ ಕೊಟ್ಟರೆ ಅದನ್ನು ಕಿಬಿಬೈಟ್ ಅಂತ ಓದಿಕೊಳ್ಳುತ್ತದೆ, ಜಿಬಿ ಅಂತಲೂ ಅಲ್ಲ, ಬೈಟ್ ಅಂತಲೂ ಅಲ್ಲ. 100 ಅಂತ ಬರೆದರೆ 100 ಕಿಬಿಬೈಟ್. ನಡೆಯುತ್ತಿರುವ ಡಿಸ್ಕನ್ನು ಅಷ್ಟಕ್ಕೆ ಇಳಿಸುವ ಆಜ್ಞೆ ಕೊಟ್ಟ ಹಾಗಾಯಿತು. ಎಂಟರ್ ಒತ್ತುವ ಮುಂಚೆ ಆ ಒಂದು ಅಕ್ಷರವನ್ನು ಇನ್ನೊಮ್ಮೆ ನೋಡಿ.

ವಿರ್ಟಿಯೋ-ಬ್ಲಾಕ್ (ವಿಎಂಗೆ ಡಿಸ್ಕ್ ಜೋಡಿಸುವ ಒಂದು ವಿಧಾನ) ಡಿಸ್ಕ್ ಆದರೆ ಲಿನಕ್ಸ್ ಗೆಸ್ಟ್‌ಗೆ ಹೊಸ ಗಾತ್ರ ತಾನಾಗಿ ತಿಳಿಯುತ್ತದೆ, “ಡಿಮೆಸೆಜ್” ನೋಡಿದರೆ ಸಾಲು ಕಾಣುತ್ತದೆ. ಎಸ್‌ಸಿಎಸ್‌ಐ ಡಿಸ್ಕ್‌ನಲ್ಲಿ ಕಾಣದಿದ್ದರೆ /ಸಿಸ್/ಕ್ಲಾಸ್/ಬ್ಲಾಕ್/ಎಸ್‌ಡಿಎ/ಡಿವೈಸ್/ರಿಸ್ಕ್ಯಾನ್ ಫೈಲಿಗೆ 1 ಬರೆಯಿರಿ. ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್‌ನ “ರಿಸ್ಕ್ಯಾನ್ ಡಿಸ್ಕ್ಸ್”. ಮುಂದಿನದು ಮೇಲೆ ಹೇಳಿದ ಹೆಜ್ಜೆಗಳೇ. ಪ್ರಾಕ್ಸ್‌ಮಾಕ್ಸ್ (ಕೆವಿಎಂ ಆಧಾರಿತ ವಿಎಂ ವ್ಯವಸ್ಥೆ) ಇಟ್ಟುಕೊಂಡವರಿಗೆ “ಕ್ಯೂಎಂ ರಿಸೈಜ್ 101 ಸ್ಕಸಿ0 +40ಜಿ” ಎರಡೂ ಸಂದರ್ಭಕ್ಕೆ ಆಗುತ್ತದೆ. ಕುಗ್ಗಿಸುವುದನ್ನು ಅದು ಬಿಡುವುದೇ ಇಲ್ಲ, ಅದು ಸರಿಯಾದ ನಿರ್ಧಾರ. ಹೈಪರ್-ವಿಯಲ್ಲಿ ವಿಎಚ್‌ಡಿಎಕ್ಸ್ ಫೈಲ್ ಎಸ್‌ಸಿಎಸ್‌ಐ ಕಂಟ್ರೋಲರ್ ಮೇಲಿದ್ದರೆ ಮಾತ್ರ, ಅದೂ ವಿಂಡೋಸ್ ಸರ್ವರ್ 2012 ಆರ್2ರಿಂದ ಈಚೆಗೆ, ನಿಲ್ಲಿಸದೆ ಹಿಗ್ಗಿಸಬಹುದು. ಐಡಿಇ ಮೇಲಿದ್ದರೆ ನಿಲ್ಲಿಸಲೇಬೇಕು.

ಎರಡನೇ ಡಿಸ್ಕ್

ಡೇಟಾ ಬೆಳೆಯುತ್ತಿದ್ದರೆ, ಸಿಸ್ಟಮ್ ಬೆಳೆಯುತ್ತಿಲ್ಲದಿದ್ದರೆ, ನಾವು ಮೊದಲು ಹೇಳುವುದು ಇದನ್ನೇ. ಟ್ಯಾಲಿ ಡೇಟಾ ಫೋಲ್ಡರ್, ಸ್ಕ್ಯಾನ್ ಪ್ರತಿಗಳು, ಸಿಸಿಟಿವಿ ರೆಕಾರ್ಡಿಂಗ್ ಇವೆಲ್ಲ ಸಿ ಡ್ರೈವ್‌ನಲ್ಲಾಗಲಿ ರೂಟ್‌ನಲ್ಲಾಗಲಿ ಇರಬೇಕಾದವಲ್ಲ. ಬೇರೆ ಡಿಸ್ಕ್ ಕೊಟ್ಟರೆ ಹಳೆಯ ಪಾರ್ಟಿಷನ್ ಮುಟ್ಟುವ ಅಪಾಯ ಇಲ್ಲ, ನಡೆಯುತ್ತಿರುವಾಗಲೇ ಜೋಡಿಸಬಹುದು, ಬ್ಯಾಕಪ್ ಬೇರೆಯಾಗಿ ತೆಗೆಯಬಹುದು, ಮಾರ್ಚ್ 31ರ ನಂತರ ಹಳೆಯ ವರ್ಷದ ಡಿಸ್ಕನ್ನು ಬಿಚ್ಚಿ ಎತ್ತಿಡಲೂಬಹುದು. ಡೇಟಾ ಡಿಸ್ಕ್‌ಗೆ ಪಾರ್ಟಿಷನ್ನೇ ಮಾಡದೆ ನೇರ ಇಎಕ್ಸ್‌ಟಿ4 ಹಾಕಿದರೆ ಮುಂದೆ ಹಿಗ್ಗಿಸುವಾಗ ಒಂದು ಪದರ ಕಡಿಮೆ: ಬ್ಲಾಕ್‌ರಿಸೈಜ್, ರಿಸೈಜ್2ಎಫ್‌ಎಸ್, ಮುಗಿಯಿತು.

ಎಫ್‌ಎಸ್‌ಟ್ಯಾಬ್‌ನಲ್ಲಿ ವಿಡಿಬಿ ಅಂತ ಬರೆಯದೆ ಯುಯುಐಡಿ (ಫೈಲ್‌ಸಿಸ್ಟಮಿನ ಗುರುತಿನ ಸಂಖ್ಯೆ) ಬರೆಯಿರಿ, “ನೋಫೇಲ್” ಸೇರಿಸಿ. ಇಲ್ಲದಿದ್ದರೆ ಡಿಸ್ಕ್ ಬಿಚ್ಚಿದ ದಿನ ವಿಎಂ ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರುತ್ತದೆ. ಒಂದೇ ಒಂದು ಜೋಡಣೆ ಬೇಡ ಅನ್ನುತ್ತೇವೆ: ಎರಡನೇ ಡಿಸ್ಕನ್ನು “ವಿಜಿಎಕ್ಸ್‌ಟೆಂಡ್” ಮಾಡಿ ರೂಟ್ ವಾಲ್ಯೂಮ್‌ಗೆ ಹೊಲಿಯುವುದು. ಆಮೇಲೆ ಎರಡು ಫೈಲುಗಳಲ್ಲಿ ಯಾವುದೊಂದು ಹೋದರೂ ವಿಎಂ ಏಳುವುದಿಲ್ಲ, ಬ್ಯಾಕಪ್‌ನಲ್ಲಿ ಒಂದನ್ನು ಮರೆಯುವುದೂ ಸುಲಭ.

ಕೆಳಗಿನ ಸ್ಟೋರೇಜ್ ಯಾವುದು

ರಾ ಫೈಲ್ (ಡಿಸ್ಕನ್ನು ಇದ್ದ ಹಾಗೇ ಇಡುವ ಇಮೇಜ್) ವೇಗ, ಸರಳ. ಹಿಗ್ಗಿಸುವುದೆಂದರೆ ಫೈಲಿನ ಉದ್ದ ಬದಲಿಸುವುದಷ್ಟೆ. ಕ್ಯೂಕೌ2 ಸ್ನ್ಯಾಪ್‌ಶಾಟ್, ಬ್ಯಾಕಿಂಗ್ ಫೈಲ್ (ಹಲವು ಪ್ರತಿಗಳಿಗೆ ತಳಹದಿಯಾದ ಮೂಲ ಇಮೇಜ್) ಕೊಡುತ್ತದೆ, ಸ್ವಲ್ಪ ವೇಗ ತಿನ್ನುತ್ತದೆ. ಚಿಕ್ಕ ಆಫೀಸಿಗೆ ಕ್ಯೂಕೌ2 ಸಾಕು.

ಎಲ್‌ವಿಎಂ ವಾಲ್ಯೂಮನ್ನೇ ಡಿಸ್ಕ್ ಆಗಿ ಕೊಟ್ಟಿದ್ದರೆ ಮೊದಲು ಹೋಸ್ಟ್‌ನಲ್ಲಿ “ಎಲ್‌ವಿಎಕ್ಸ್‌ಟೆಂಡ್”, ನಂತರ ಗೆಸ್ಟ್‌ಗೆ ತಿಳಿಸಲು ಬ್ಲಾಕ್‌ರಿಸೈಜ್. ಎರಡನೆಯದನ್ನು ಬಿಟ್ಟು “ಗೆಸ್ಟ್‌ನಲ್ಲಿ ಕಾಣುತ್ತಿಲ್ಲ” ಅಂತ ತಲೆ ಕೆಡಿಸಿಕೊಳ್ಳುವವರು ಬಹಳ. ಹೋಸ್ಟ್‌ನಲ್ಲಿ ಇಲ್ಲಿ “-ಆರ್” ಬಳಸಬಾರದು. ವಾಲ್ಯೂಮ್ ಒಳಗಿರುವುದು ಗೆಸ್ಟ್‌ನ ಸೊತ್ತು. ಥಿನ್ ಪೂಲ್ (ಬರೆದಷ್ಟಕ್ಕೆ ಮಾತ್ರ ಜಾಗ ಕೊಡುವ ಎಲ್‌ವಿಎಂ ಜೋಡಣೆ) ಆದರೆ “ಎಲ್‌ವಿಎಸ್” ತೋರಿಸುವ ಡೇಟಾ ಶೇಕಡಾ ಜೊತೆಗೆ ಮೆಟಾಡೇಟಾ ಶೇಕಡಾವನ್ನೂ ನೋಡಿ. 500 ಜಿಬಿ ಪೂಲ್ ಮೇಲೆ 200 ಜಿಬಿಯ ನಾಲ್ಕು ವಿಎಂ ಮಾಡಲು ಅದು ಬಿಡುತ್ತದೆ. ಡೇಟಾ ತುಂಬಿದರೆ ಡೀಫಾಲ್ಟ್ ಆಗಿ 60 ಸೆಕೆಂಡ್ ಕಾದು ಆಮೇಲೆ ಬರವಣಿಗೆಗೆ ಎರರ್ ಕೊಡುತ್ತದೆ. ಮೆಟಾಡೇಟಾ ತುಂಬಿದರೆ ಪೂಲ್ ರಿಪೇರಿಯೇ ಬೇಕಾಗುತ್ತದೆ.

ಇನ್ನೊಂದು ಸ್ಟೋರೇಜ್ ವ್ಯವಸ್ಥೆಯಾದ ಜೆಡ್‌ಎಫ್‌ಎಸ್‌ನಲ್ಲಿ “ಜೆಡ್‌ಎಫ್‌ಎಸ್ ಸೆಟ್ ವಾಲ್‌ಸೈಜ್=100ಜಿ” ಒಂದೇ ಸಾಲು. ಚಿಕ್ಕ ಅಂಕಿ ಕೊಟ್ಟರೂ ಕೇಳದೆ ಕತ್ತರಿಸುತ್ತದೆ, ಎಲ್‌ವಿಎಂನಂತೆ ಹೌದೋ ಅಲ್ಲವೋ ಅಂತ ಕೇಳುವುದಿಲ್ಲ. ಹಲವು ಸರ್ವರ್‌ಗಳಲ್ಲಿ ಹರಡಿರುವ ಸ್ಟೋರೇಜ್ ಆದ ಸೆಫ್‌ನ “ಆರ್‌ಬಿಡಿ ರಿಸೈಜ್” ಕುಗ್ಗಿಸಲು “--ಅಲೋ-ಶ್ರಿಂಕ್” ಬೇಡುತ್ತದೆ.

ಕಾಲೇಜು ಲ್ಯಾಬುಗಳಲ್ಲಿ ವರ್ಚುವಲ್‌ಬಾಕ್ಸ್ ಹೆಚ್ಚು. “ವಿಬಾಕ್ಸ್‌ಮ್ಯಾನೇಜ್ ಮಾಡಿಫೈಮೀಡಿಯಂ ಡಿಸ್ಕ್ ... --ರಿಸೈಜ್ 61440”. ಅಂಕಿ ಎಂಬಿ ಲೆಕ್ಕದಲ್ಲಿ, ಅಂದರೆ 60 ಜಿಬಿ. ಹಿಗ್ಗಿಸುವುದು ಮಾತ್ರ ಸಾಧ್ಯ. ವಿಎಂಡಿಕೆ ಇದ್ದರೆ ಮೊದಲು ವಿಡಿಐಗೆ ಕ್ಲೋನ್ ಮಾಡಿ. ಒಂದೇ ಮೂಲ ಇಮೇಜ್ ಮೇಲೆ ವಿದ್ಯಾರ್ಥಿಗೊಂದು ಲಿಂಕ್ಡ್ ಪ್ರತಿ ಇಟ್ಟಿರುವ ಲ್ಯಾಬ್‌ನಲ್ಲಿ ಮೂಲವನ್ನು ಮುಟ್ಟಬಾರದು. ಕೆವಿಎಂನಲ್ಲೂ ಅಷ್ಟೆ, ಬ್ಯಾಕಿಂಗ್ ಫೈಲ್ ಬದಲಾದರೆ ಅದರ ಮೇಲಿರುವ ಪ್ರತಿಯೆಲ್ಲ ಕೆಡುತ್ತದೆ. ಹಿಗ್ಗಿಸುವುದಾದರೆ ತುದಿಯ ಫೈಲನ್ನೇ ಹಿಗ್ಗಿಸಿ.

ಕುಗ್ಗಿಸುವುದೋ, ಜಾಗ ವಾಪಸ್ ಪಡೆಯುವುದೋ

“200 ಜಿಬಿ ಡಿಸ್ಕನ್ನು 60ಕ್ಕೆ ಇಳಿಸಬೇಕು” ಅನ್ನುವವರನ್ನು ಯಾಕೆ ಅಂತ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ “ಹೋಸ್ಟ್‌ನಲ್ಲಿ ಜಾಗ ಇಲ್ಲ” ಎಂದು. ಅದಕ್ಕೆ ವರ್ಚುವಲ್ ಗಾತ್ರ ಇಳಿಸಬೇಕಾಗಿಲ್ಲ. ಗೆಸ್ಟ್‌ನಲ್ಲಿ ಫೈಲ್ ಅಳಿಸಿದ್ದು ಹೋಸ್ಟ್‌ಗೆ ಗೊತ್ತಾಗಿಲ್ಲ, ಅಷ್ಟೆ. ಲಿಬ್‌ವಿರ್ಟ್‌ನಲ್ಲಿ ಆ ಡಿಸ್ಕಿನ ಡ್ರೈವರ್ ಸಾಲಿಗೆ ಡಿಸ್ಕಾರ್ಡ್ (ಅಳಿಸಿದ ಜಾಗವನ್ನು ಹೋಸ್ಟ್‌ಗೆ ತಿಳಿಸುವ ಸೌಲಭ್ಯ) “ಅನ್‌ಮ್ಯಾಪ್” ಸೇರಿಸಿ, ವಿಎಂ ಪೂರ್ತಿ ನಿಲ್ಲಿಸಿ ಎಬ್ಬಿಸಿ, ಒಳಗೆ “ಎಫ್‌ಎಸ್‌ಟ್ರಿಮ್ -ಎವಿ” ಕೊಡಿ. ವಿರ್ಟಿಯೋ-ಸ್ಕಸಿಯಲ್ಲಿ ಇದು ಮೊದಲಿಂದ ನಡೆಯುತ್ತದೆ. ವಿರ್ಟಿಯೋ-ಬ್ಲಾಕ್‌ನಲ್ಲಿ ಕ್ಯೂಎಮು 4.0 ಮತ್ತು ಲಿನಕ್ಸ್ 5.0ರಿಂದ ಈಚೆಗೆ. ವಿಂಡೋಸ್‌ನಲ್ಲಿ ಪವರ್‌ಶೆಲ್‌ನ “ಆಪ್ಟಿಮೈಜ್-ವಾಲ್ಯೂಮ್ -ಡ್ರೈವ್‌ಲೆಟರ್ ಸಿ -ರಿಟ್ರಿಮ್”. ಮುಂಚೆ, ಆಮೇಲೆ ಎರಡು ಸಲ “ಕ್ಯೂಎಮು-ಇಮ್ಗ್ ಇನ್ಫೋ” ನೋಡಿದರೆ ಇಳಿದದ್ದು ಕಾಣುತ್ತದೆ. ವಿಎಂ ನಡೆಯುತ್ತಿದ್ದರೆ ಬರೀ “ಡಿಯು -ಎಚ್” ಸಾಕು. ಡಿಸ್ಕಾರ್ಡ್ ಆಗದ ಹಳೆಯ ಗೆಸ್ಟ್‌ಗೆ, ನಿಲ್ಲಿಸಿದ ಸ್ಥಿತಿಯಲ್ಲಿ “ವಿರ್ಟ್-ಸ್ಪಾರ್ಸಿಫೈ --ಇನ್-ಪ್ಲೇಸ್”.

ನಿಜವಾಗಿಯೂ ಕುಗ್ಗಿಸಲೇಬೇಕಾದ ಸಂದರ್ಭ ಬೇರೆ: ಚಿಕ್ಕ ಎಸ್‌ಎಸ್‌ಡಿಗೆ ರಾ ಪ್ರತಿಯಾಗಿ ಸಾಗಿಸಬೇಕು, ಥಿನ್ ಅಲ್ಲದ ಎಲ್‌ವಿಎಂ ವಾಲ್ಯೂಮ್ ಜಾಗ ಹಿಡಿದಿದೆ, ಅಂಥವು. ಮೊದಲ ಪ್ರಶ್ನೆ ಫೈಲ್‌ಸಿಸ್ಟಮ್ ಯಾವುದು. ಎಕ್ಸ್‌ಎಫ್‌ಎಸ್ ಆದರೆ ಬಳಕೆಗೆ ಬರುವಂತೆ ಕುಗ್ಗುವುದಿಲ್ಲ, ಹೊಸ ಡಿಸ್ಕೇ ಗತಿ. ಬಿಟಿಆರ್‌ಎಫ್‌ಎಸ್ ಮೌಂಟ್ ಆಗಿರುವಾಗಲೇ ಕುಗ್ಗುತ್ತದೆ. ಎನ್‌ಟಿಎಫ್‌ಎಸ್ ಕುಗ್ಗುತ್ತದೆ, ಆದರೆ ಪೇಜ್‌ಫೈಲ್‌ನಂಥ ಕದಲದ ಫೈಲ್ ಎಲ್ಲಿದೆಯೋ ಅಲ್ಲಿಗೆ ನಿಲ್ಲುತ್ತದೆ. ಇಎಕ್ಸ್‌ಟಿ4 ಅನ್‌ಮೌಂಟ್ ಮಾಡಿ ಕುಗ್ಗಿಸಬಹುದು. ರೂಟ್ ಆದರೆ ಲೈವ್ ಐಎಸ್‌ಒದಿಂದ (ಇನ್‌ಸ್ಟಾಲ್ ಮಾಡದೆಯೇ ನಡೆಯುವ ಲಿನಕ್ಸ್ ಇಮೇಜ್‌ನಿಂದ) ಬೂಟ್ ಮಾಡಬೇಕು.

100ರಿಂದ 60ಕ್ಕೆ ಇಳಿಸುವ ಕ್ರಮ, ಇಎಕ್ಸ್‌ಟಿ4 ಒಂದೇ ಪಾರ್ಟಿಷನ್ ಇದ್ದಾಗ: “ಇ2ಎಫ್‌ಎಸ್‌ಸಿಕೆ -ಎಫ್” ಮಾಡಿ, “ರಿಸೈಜ್2ಎಫ್‌ಎಸ್ /ಡೆವ್/ವಿಡಿಎ1 50ಜಿ”. ನಂತರ ಪಾರ್ಟೆಡ್‌ನಲ್ಲಿ ಪಾರ್ಟಿಷನ್ 55ಕ್ಕೆ. ಆಮೇಲೆ ವಿಎಂ ನಿಲ್ಲಿಸಿ ಇಮೇಜ್ 60ಕ್ಕೆ, “--ಶ್ರಿಂಕ್” ಸಮೇತ. ಮತ್ತೆ ಲೈವ್ ಐಎಸ್‌ಒದಲ್ಲಿ ಎದ್ದು ಕತ್ತರಿಸಿ ಹೋದ ಜಿಪಿಟಿ ಎರಡನೇ ಪ್ರತಿಯನ್ನು “ಎಸ್‌ಜಿಡಿಸ್ಕ್ -ಇ”ಯಿಂದ ಹೊಸ ತುದಿಯಲ್ಲಿ ಬರೆಸಿ. ಕೊನೆಗೆ ಪಾರ್ಟಿಷನ್, ಫೈಲ್‌ಸಿಸ್ಟಮ್ ಎರಡನ್ನೂ ತುದಿಯವರೆಗೆ ಹಿಗ್ಗಿಸಿ. 50, 55, 60 ಅಂತ ಮೆಟ್ಟಿಲು ಬಿಡುವುದಕ್ಕೆ ಕಾರಣವಿದೆ. ರಿಸೈಜ್2ಎಫ್‌ಎಸ್‌ನ 50ಜಿ 1024ರ ಲೆಕ್ಕ. ಪಾರ್ಟೆಡ್‌ನ ಜಿಬಿ ಸಾವಿರದ ಲೆಕ್ಕ, 1 ಜಿಬಿ ಅಂದರೆ 100 ಕೋಟಿ ಬೈಟ್. 1024ರ ಲೆಕ್ಕ ಬೇಕಿದ್ದರೆ ಜಿಐಬಿ ಅಂತ ಬರೆಯಬೇಕು. ಎರಡೂ ಕಡೆ 50 ಅಂತ ಬರೆದು ಪಾರ್ಟೆಡ್‌ನಲ್ಲಿ ಜಿಬಿ ಹಾಕಿದರೆ ಪಾರ್ಟಿಷನ್ ಸುಮಾರು 46.6 ಜಿಐಬಿ ಆಗುತ್ತದೆ, ಫೈಲ್‌ಸಿಸ್ಟಮಿನ ಕೊನೆಯ ಮೂರೂವರೆ ಜಿಐಬಿ ಹೊರಗೆ ಉಳಿಯುತ್ತದೆ. ಹೀಗಾದರೆ ಗಾಬರಿ ಬೇಡ: ಇಮೇಜ್ ಇನ್ನೂ ಕತ್ತರಿಸಿಲ್ಲದಿದ್ದರೆ ಅದೇ ಆರಂಭದ ಸೆಕ್ಟರ್ ಇಟ್ಟುಕೊಂಡು ಪಾರ್ಟಿಷನ್ ಮತ್ತೆ ದೊಡ್ಡದು ಮಾಡಿದರೆ ಸರಿಹೋಗುತ್ತದೆ. ಇಮೇಜ್ ಕತ್ತರಿಸುವ ಮುಂಚೆ ಒಮ್ಮೆ ಮೌಂಟ್ ಮಾಡಿ ನೋಡಿ ಅನ್ನುವುದು ಇದಕ್ಕೇ.

ಇಷ್ಟೆಲ್ಲ ಮಾಡುವ ಬದಲು 60 ಜಿಬಿಯ ಹೊಸ ಖಾಲಿ ಇಮೇಜ್ ಮಾಡಿ, ಎರಡನ್ನೂ ಲೈವ್ ಐಎಸ್‌ಒಗೆ ಜೋಡಿಸಿ, “ಆರ್‌ಸಿಂಕ್ -ಎಎಚ್‌ಎಎಕ್ಸ್‌ಎಕ್ಸ್” (ಮೊದಲ ಎ, ಕೊನೆಯ ಎಕ್ಸ್ ಸಣ್ಣಕ್ಷರ, ನಡುವಿನ ಮೂರು ದೊಡ್ಡಕ್ಷರ) ಮೂಲಕ ಪ್ರತಿ ಮಾಡಿ, ಎಫ್‌ಎಸ್‌ಟ್ಯಾಬ್‌ನಲ್ಲಿ ಹೊಸ ಯುಯುಐಡಿ ಬರೆದು, ಕ್ರೂಟ್ ಆಗಿ (ಹೊಸ ಡಿಸ್ಕಿನ ಸಿಸ್ಟಮ್ ಒಳಹೊಕ್ಕು) ಗ್ರಬ್ (ಲಿನಕ್ಸ್ ಎಬ್ಬಿಸುವ ಬೂಟ್ ಪ್ರೋಗ್ರಾಂ) ಕೂರಿಸುವುದನ್ನು ನಾವು ಹೆಚ್ಚು ನಂಬುತ್ತೇವೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ನಡುವೆ ಎಲ್ಲಿ ತಪ್ಪಿದರೂ, ಕರೆಂಟ್ ಹೋದರೂ, ಹಳೆಯ ಡಿಸ್ಕ್ ಹಾಗೇ ಇರುತ್ತದೆ. ಹಿಗ್ಗಿಸುವ ದಿಕ್ಕಿನಲ್ಲಿ ಇದೇ ಕೆಲಸವನ್ನು “ವಿರ್ಟ್-ರಿಸೈಜ್ --ಎಕ್ಸ್‌ಪ್ಯಾಂಡ್” ಮಾಡುತ್ತದೆ: ಹಳೆಯದನ್ನು ಓದುತ್ತದೆ, ಹೊಸದಕ್ಕೆ ಬರೆಯುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. ಹೊಸ ವಿಎಂ ಎರಡು ಸಲ ಸರಿಯಾಗಿ ಬೂಟ್ ಆಗಿ, ಒಂದು ರಾತ್ರಿಯ ಬ್ಯಾಕಪ್ ಯಶಸ್ವಿಯಾಗಿ ಮುಗಿಯುವ ತನಕ ಹಳೆಯ ಇಮೇಜ್ ಅಳಿಸಬೇಡಿ. ಅಲ್ಲಿಯವರೆಗೆ ಎರಡನ್ನೂ ಒಂದೇ ವಿಎಂಗೆ ಜೋಡಿಸಿಡಲೂಬೇಡಿ: ಪೂರ್ತಿ ಬ್ಲಾಕ್ ಪ್ರತಿಯಾಗಿದ್ದರೆ ಎರಡರ ಯುಯುಐಡಿ ಒಂದೇ ಆಗಿ, ಬೂಟ್ ಆಗುವಾಗ ಯಾವುದು ಮೌಂಟ್ ಆಗುತ್ತದೆ ಅನ್ನುವುದಕ್ಕೆ ಖಾತ್ರಿ ಇರುವುದಿಲ್ಲ.